ಪದ ಬೇಕು: ಮಣ್ಣಿನ ‘ಭೌತಿಕ ಆರೋಗ್ಯ’ಕ್ಕೆ ಬೋರ್ಡಿನಲ್ಲಿ ಏನು ಬರೆಯಲಿ?

ಸಿಂಧನೂರಿನಿಂದ:
ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಇಲ್ಲೊಂದು ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಎರಡು ಪಟ್ಟಿ ಮಾಡಿದ್ದಾರೆ. ಒಂದರಲ್ಲಿ ನೆಲ್ಲುಹುಲ್ಲು ಪೂರ್ತಿ ತೆಗೆದು ರೋಟಾವೇಟರ್ ಹೊಡೆದಿದ್ದಾರೆ. ಇನ್ನೊಂದರಲ್ಲಿ ಹುಲ್ಲು ಅಲ್ಲೇ ಬಿಟ್ಟು, ಉಳದೆ ಕಡಲೆ ಬಿತ್ತಿದ್ದಾರೆ. ಆ ಹೊಲದಲ್ಲಿ ನಿಲ್ಲಿಸುವ ಬೋರ್ಡಿಗೆಂದು ನನ್ನ ಕೈಗೆ ಬಂದ ಕರಡು ಹೀಗಿದೆ: ‘ಬೆಳೆ ತ್ಯಾಜ್ಯ ನಿರ್ಮೂಲನೆ ಹಾಗೂ ಭೂಕರ್ಷಣೆಯಿಂದ ಮಣ್ಣಿನ ಭೌತಿಕ ಆರೋಗ್ಯದ ಮೇಲಾಗುವ ಪರಿಣಾಮ’. ನಮ್ಮ ಚಿಕ್ಕಪ್ಪ ಓದಿ, “ಯಾರಿಗೆ ಹುಷಾರಿಲ್ಲ?” ಅಂದರು.

ಆ ಪದದಲ್ಲಿ ಬರಬೇಕಾದದ್ದು ಇಷ್ಟು: ಮಣ್ಣು ಎಷ್ಟು ಬಿಗಿಯಾಗಿದೆ, ನೀರು ಎಷ್ಟು ಬೇಗ ಇಂಗುತ್ತದೆ, ಹೆಂಟೆ ನೀರಿಗೆ ಬಿದ್ದರೆ ಕರಗುತ್ತದೋ ನಿಲ್ಲುತ್ತದೋ, ಬೇರು ಎಲ್ಲಿಯವರೆಗೆ ಇಳಿಯುತ್ತದೆ. ಗೊಬ್ಬರದ ಮಾತು ಬೇರೆ.

ಬಳ್ಳಾರಿಯಿಂದ:
‘ಹದ’. ಮುಗಿಯಿತು.

ಕೊಪ್ಪಳದಿಂದ:
ಮುಗಿಯಲಿಲ್ಲ ಸರ್. ಹದ ಅನ್ನುವುದು ಆ ದಿನದ ಮಾತು. ಮಳೆಯಾದ ಮೂರನೇ ದಿನ ಇರುತ್ತದೆ, ವಾರಕ್ಕೆ ಹೋಗುತ್ತದೆ. ಇವರು ಕೇಳುತ್ತಿರುವುದು ವರ್ಷಗಟ್ಟಲೆ ಆಗಿ ಬರುವ ಗುಣ. ಕೆಸರು ಮಾಡಿ ನಾಟಿ ಹಾಕಿದ ಗದ್ದೆಯಲ್ಲಿ ಒಂದು ಗೇಣು ಕೆಳಗೆ ಗಟ್ಟಿ ಪದರ ಕೂತಿರುತ್ತದೆ. ಮೇಲೆ ಎಂಥ ಹದವಿದ್ದರೂ ಬೇರು ಅಲ್ಲಿಗೆ ಬಂದು ಅಡ್ಡ ತಿರುಗುತ್ತದೆ. ‘ಮಣ್ಣಿನ ಕಟ್ಟು’ ಅನ್ನಿ. ಆಳಿಗೆ ಮೈಕಟ್ಟು ಇದ್ದ ಹಾಗೆ. ಪುಸ್ತಕದ ‘ರಚನೆ’ಗಿಂತ ಇದು ವಾಸಿ.

ಒಳ್ಳೆ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಸಂದು. ನೀರು, ಗಾಳಿ ಎರಡೂ ಅಲ್ಲೇ. ರೋಟಾವೇಟರ್ ಆ ಕಟ್ಟನ್ನು ಹಿಟ್ಟು ಮಾಡುತ್ತದೆ. ಮೊದಲ ಬಿರುಸು ಮಳೆಗೆ ಹಿಟ್ಟು ಸಂದಿಗಿಳಿದು, ಒಣಗಿದಾಗ ಮೇಲೆ ಹಪ್ಪಳ ಕಟ್ಟುತ್ತದೆ. ಹುಲ್ಲು ಇದ್ದರೆ ಹನಿಯ ಪೆಟ್ಟು ಹುಲ್ಲಿಗೇ. ಎರೆ ಒಣಗಿ ಬಿರಿದು ತನ್ನಷ್ಟಕ್ಕೆ ಕೊಂಚ ಸಡಿಲವಾದರೂ ಆಗುತ್ತದೆ, ನಮ್ಮ ಮಸಾರಿಗೆ, ಅಂದರೆ ಕೆಂಪು ಮಣ್ಣಿಗೆ, ಆ ಪುಣ್ಯವೂ ಇಲ್ಲ.

‘ತ್ಯಾಜ್ಯ’ ಅಂತೂ ಬೇಡವೇ ಬೇಡ. ಕಸ ಅಂತ ಬರೆದ ಮೇಲೆ ಬೆಂಕಿ ಹಚ್ಚಬೇಡಿ ಅಂದರೆ ಯಾರು ಕೇಳುತ್ತಾರೆ?

ಗಂಗಾವತಿಯಿಂದ:
‘ಉಳಿಕೆ’ ಎಂಬ ಅಚ್ಚಗನ್ನಡ ಪದ ಇರುವಾಗ ಈ ಚರ್ಚೆಯೇ ಅನಗತ್ಯ. ಉಳು, ಉಳಿ ಎರಡೂ ಒಂದೇ ಬೇರಿನವು. ಹಳಗನ್ನಡದ ಉೞು, ಉೞಿ ನೋಡಿ. ಉತ್ತಾದ ಮೇಲೆ ನಿಂತದ್ದೇ ಉಳಿಕೆ. ‘ಉಳುಮೆ–ಉಳಿಕೆ’ ಎಂದು ಜೋಡಿಯಾಗಿ ಬರೆಸಿ. ‘ರೈತ’, ‘ಫಸಲು’ ನುಸುಳದಂತೆ ನೋಡಿಕೊಳ್ಳಿ.

ರಾಯಚೂರಿನಿಂದ:
ಎರಡರಲ್ಲೂ ೞ ಇದ್ದ ಮಾತ್ರಕ್ಕೆ ನೆಂಟಸ್ತನ ಆಗುವುದಿಲ್ಲ ಮೇಷ್ಟ್ರೇ. ಬಡಗಿಯ ಉಳಿಯಲ್ಲಿ ಮೊದಲಿಂದಲೂ ಇರುವುದು ಳ. ತಮಿಳರು ಈಗಲೂ ಈ ಎರಡು ಅಕ್ಷರ ಬೇರೆಬೇರೆ ಬರೆಯುತ್ತಾರೆ. ನಾವು ೞ ಕಳೆದುಕೊಂಡೆವು, ಎಲ್ಲಾ ಒಂದೇ ಥರ ಕೇಳುತ್ತದೆ, ಅಷ್ಟೆ. ಗಟ್ಟಿ ಪದರ ಸೀಳುವ ‘ಉಳಿ ನೇಗಿಲ’ನ್ನೂ ಉಳಿಕೆಗೇ ಸೇರಿಸುತ್ತೀರಾ?

ಇನ್ನು ಒಟ್ಟು ಹೆಸರು. ಕೊಯ್ದ ಮೇಲೆ ನಿಂತ ಬುಡ ಕೂಳೆ. ಜೋಳದ್ದು ಕಣಕಿ, ಕಬ್ಬಿನದು ರವದಿ, ತೊಗರಿಯದು ಕಟ್ಟಿಗೆ. ಕಣಕಿ ಬಣವೆಗೆ ಹೋಗುತ್ತಿತ್ತು, ಕಟ್ಟಿಗೆ ಒಲೆಗೆ. ಎಲ್ಲಕ್ಕೂ ಸೇರಿ ಒಂದು ಹೆಸರು ಯಾರಿಗೂ ಬೇಕಾಗಿರಲಿಲ್ಲ. ನಿಮ್ಮ ಹೊಲದಲ್ಲಿ ಇರುವುದು ಹುಲ್ಲು ತಾನೇ? ಹುಲ್ಲು ಅಂತಲೇ ಬರೆಸಿ.

‘ರೈತ’ ಅರಬ್ಬಿ ಮೂಲದ್ದು, ನಿಜ. ಪಹಣಿಯಲ್ಲಿ ಖುಷ್ಕಿ (ಮಳೆಯಾಶ್ರಿತ ಜಮೀನು), ತರಿ (ನೀರಾವರಿ ಜಮೀನು) ಕೂಡ ಇವೆ. ಅವನ್ನೂ ಗಡಿಪಾರು ಮಾಡೋಣವೇ?

ಗಂಗಾವತಿಯಿಂದ:
1948ರವರೆಗೆ ನಿಜಾಮರ ಕೈಕೆಳಗಿದ್ದವರು ನಾವು. ಆ ಹೊರೆಯನ್ನು ಇನ್ನೂ ಹೊರಬೇಕೆಂದಿದೆಯೇ? ‘ಒಕ್ಕಲಿಗ’ ಇದೆ.

ರಾಯಚೂರಿನಿಂದ:
ಒಕ್ಕಲಿಗ ಅಂತ ಬರೆಸಿದರೆ ಬೋರ್ಡು ಯಾವುದೋ ಜಾತಿ ಸಂಘದ್ದು ಅಂದುಕೊಳ್ಳುತ್ತಾರೆ. ‘ಒಕ್ಕಲುತನ’ ಬೇಕಾದರೆ ಇರಲಿ, ಅದು ನಮ್ಮಲ್ಲಿ ಇನ್ನೂ ಜೀವಂತ. ಆಮೇಲೆ, ನಿಮ್ಮ ‘ಅನಗತ್ಯ’ ಯಾವ ಊರಿನ ಅಚ್ಚಗನ್ನಡ?

ಬಳ್ಳಾರಿಯಿಂದ:
ನಾನು ಈಗಲೂ ಹದ ಅಂತಲೇ ಅನ್ನುತ್ತೇನೆ.

ಸಿಂಧನೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್, ಜಗಳಕ್ಕೂ ಸೇರಿ. ಬೋರ್ಡು ನಾಲ್ಕೇ ಅಡಿ ಅಗಲ. ಹೀಗೆ ಬರೆದು ಪೇಂಟರ್‌ಗೆ ಕೊಟ್ಟೆ:

ಹುಲ್ಲು ತೆಗೆದು ಉತ್ತರೆ
ಹುಲ್ಲು ಬಿಟ್ಟು ಬಿತ್ತಿದರೆ
ಮಣ್ಣಿನ ಕಟ್ಟು ಏನಾಗುತ್ತದೆ? ಅಗೆದು ನೋಡಿ

ಚಿಕ್ಕಪ್ಪ ಓದಿ, “ಸಲಿಕೆ ಎಲ್ಲಿಟ್ಟೀರಿ?” ಅಂದರು.

ಕೊಪ್ಪಳದಿಂದ:
‘ಉತ್ತರೆ’ ನೋಡಿದ ಕೂಡಲೇ ನನಗೆ ಬಂದದ್ದು ಉತ್ತರೆ ಮಳೆ. ಹೊಲದಲ್ಲಿ ನಿಂತು ಓದುವವರಿಗೂ ಹಾಗೇ ಬರುತ್ತದೆ. ‘ಉಳುಮೆ ಮಾಡಿದರೆ’ ಅಂತ ಹಾಕಿಸಿ.

ಸಿಂಧನೂರಿನಿಂದ:
ಪೇಂಟರ್‌ಗೆ ಫೋನ್ ಮಾಡಿದೆ. ಮೊದಲ ಸಾಲು ಬರೆದಾಗಿದೆಯಂತೆ.