ಪ್ಲಾಸ್ಟಿಕ್ಕಿನ ‘ಏಜಿಂಗ್’: ಮುಪ್ಪು ಎಂಬ ಒಂದೇ ಪದ ಸಾಕೇ?

ಮಾನ್ಯರೇ,

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಅಚ್ಚಿನ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿ ನಾನು ಬರೆಯುತ್ತಿರುವ ಕೈಪಿಡಿಯಲ್ಲಿ, ಹಳೆಯ ಪ್ಲಾಸ್ಟಿಕ್ ಏಕೆ ಮುರಿಯುತ್ತದೆ ಎಂಬ ಅಧ್ಯಾಯದ ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

‘ಬ್ರಿಟಲ್’ (ಬಾಗದೆ ಥಟ್ಟನೆ ಮುರಿಯುವ) ಎಂಬುದಕ್ಕೆ ಭಿದುರ, ಭಂಗುರ ಎಂಬ ಪುಸ್ತಕದ ಪದಗಳಿದ್ದರೂ ನಮ್ಮ ಕಡೆಯ ‘ಪೆಳಸು’ ನನಗೆ ಹೆಚ್ಚು ಸರಿಯೆನಿಸುತ್ತದೆ. ಕೆಲವರು ‘ಪೆಡಸು’ ಎನ್ನುತ್ತಾರೆ; ಆದರೆ ಆ ಪದದಲ್ಲಿ ಬಾಗದ ಗುಣವೇ ಮುಂದಾಗುತ್ತದೆ, ಮುರಿಯುವ ಗುಣ ಹಿಂದೆ ಸರಿಯುತ್ತದೆ.

ನಿಜವಾದ ತೊಡಕು ‘ಏಜಿಂಗ್’ (ಕಾಲ ಕಳೆದಂತೆ ವಸ್ತುವಿನ ಗುಣ ಬದಲಾಗುವುದು) ಎಂಬಲ್ಲಿದೆ, ಏಕೆಂದರೆ ಆ ಹೆಸರಿನಡಿ ಎರಡು ಬೇರೆ ಬೇರೆ ಕ್ರಿಯೆಗಳಿವೆ. ತಾರಸಿಯ ಮೇಲೆ ವರ್ಷಗಟ್ಟಲೆ ಬಿದ್ದಿರುವ ಪಾಲಿಪ್ರೊಪಿಲೀನ್ ಕುರ್ಚಿಯನ್ನು ಉಗುರಿನಿಂದ ಕೆರೆದರೆ ಬಿಳಿಯ ಪುಡಿ ಉದುರುತ್ತದೆ. ನೇರಳಾತೀತ ಕಿರಣವೂ ಆಮ್ಲಜನಕವೂ ಸೇರಿ ಮೇಲ್ಪದರದ ಅಣುಸರಪಳಿಗಳನ್ನು ಕತ್ತರಿಸಿರುತ್ತವೆ. ಅಲ್ಲಿ ಹುಟ್ಟಿದ ಬಿರುಕು, ಕೂತವರ ಭಾರ ಬಿದ್ದಾಗ, ಒಳಗಿನ ಗಟ್ಟಿ ಭಾಗಕ್ಕೂ ಓಡುತ್ತದೆ. ಮಂಡ್ಯದ ಕಬ್ಬಿನ ಗದ್ದೆಗಳ ಹನಿ ನೀರಾವರಿ ಪೈಪಿಗೆ ಶೇಕಡಾ 2ರ ಆಸುಪಾಸಿನಲ್ಲಿ ಇಂಗಾಲದ ಕಪ್ಪನ್ನು (‘ಕಾರ್ಬನ್ ಬ್ಲ್ಯಾಕ್’ ಎಂಬ ನುಣುಪಾದ ಮಸಿಪುಡಿ) ಬೆರೆಸುವುದು ಇದನ್ನು ತಡೆಯಲೆಂದೇ. ಅದೂ ಸೋತಾಗ ರೈತರು ‘ಬಿಸ್ಲಿಗೆ ಪೈಪು ಪೆಳಸಾಗೋಗದೆ’ ಎನ್ನುತ್ತಾರೆ. ಕಡಿದ ಸರಪಳಿ ಮತ್ತೆ ಕೂಡುವುದಿಲ್ಲವಾದ್ದರಿಂದ ಇದನ್ನು ಮುಪ್ಪು ಎನ್ನಲು ಅಡ್ಡಿಯಿಲ್ಲ.

ಇನ್ನೊಂದಕ್ಕೆ ಬಿಸಿಲೇ ಬೇಡ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಾಜಿನ ಸ್ಥಿತಿಯಲ್ಲಿರುತ್ತದೆ, ಎಂದರೆ ಅದರ ಅಣುಸರಪಳಿಗಳು ಕ್ರಮವಿಲ್ಲದೆ ಹೆಪ್ಪುಗಟ್ಟಿರುತ್ತವೆ. ಅಚ್ಚಿನಲ್ಲಿ ಬೇಗ ತಣಿದಾಗ ಅದರ ಸರಪಳಿಗಳು ತಕ್ಕ ಜಾಗ ಹಿಡಿಯುವ ಮೊದಲೇ ಹೆಪ್ಪುಗಟ್ಟಿ, ಆಮೇಲೆ ಕತ್ತಲ ಕಪಾಟಿನಲ್ಲಿದ್ದರೂ ನಿಧಾನವಾಗಿ ಒತ್ತಾಗಿ ಕೂರುತ್ತ ಹೋಗುತ್ತವೆ. ಒಂದು ಸರಪಳಿಯೂ ತುಂಡಾಗುವುದಿಲ್ಲ. ಆದರೂ ವಸ್ತು ಎಳೆತಕ್ಕೆ ಮಣಿಯಲು ಮೊದಲಿಗಿಂತ ಹೆಚ್ಚು ಬಲ ಬೇಡುತ್ತದೆ, ಮತ್ತು ಗೀರು ಬಿದ್ದ ಕಡೆ ಹಿಗ್ಗಿ ಪೆಟ್ಟನ್ನು ನುಂಗಿಕೊಳ್ಳುವ ಬದಲು ಲಟಕ್ಕನೆ ಮುರಿಯುತ್ತದೆ. ಆ 150 ಡಿಗ್ರಿಯ ಮಿತಿಯನ್ನು ದಾಟದ ಬಿಸಿಯಲ್ಲಿ ಇಟ್ಟರೆ ಈ ಬದಲಾವಣೆ ಬೇಗ ಆಗುತ್ತದೆ. ನೆದರ್ಲೆಂಡ್ಸಿನ ವಿಜ್ಞಾನಿ ಸ್ಟ್ರೂಯಿಕ್ 1970ರ ದಶಕದಲ್ಲಿ ವಿವರವಾಗಿ ಅಧ್ಯಯನ ಮಾಡಿದ ಈ ಕ್ರಿಯೆಯ ವಿಶೇಷವೆಂದರೆ, ಮಿತಿಯನ್ನು ದಾಟಿಸಿ ಕಾಯಿಸಿ ಬೇಗ ತಣಿಸಿದರೆ ವಸ್ತು ಹಳೆಯ ಗುಣಕ್ಕೆ ಮರಳುತ್ತದೆ. ಮರಳಬಲ್ಲದ್ದನ್ನು ಮುಪ್ಪು ಎಂದರೆ ಓದುವ ಹುಡುಗ ದಾರಿ ತಪ್ಪುತ್ತಾನೆ. ‘ಮಾಗುವಿಕೆ’ ಎಂದರೆ ಗುಣ ಹೆಚ್ಚಿತೆಂಬ ಭಾವ ಬರುತ್ತದೆ. ಸದ್ಯಕ್ಕೆ ‘ಒಳಬಿಗಿತ’ ಎಂದು ಬರೆದುಕೊಂಡಿದ್ದೇನೆ.

ಇದರೊಂದಿಗೆ ‘ಕ್ರೇಜ್’ ಎಂಬುದಕ್ಕೂ ಪದ ಬೇಕು. ಬಿರುಕಿನಂತೆಯೇ ಕಂಡರೂ ಅದರ ಎರಡು ದಡಗಳ ನಡುವೆ ಅತಿ ಸಣ್ಣ ಎಳೆಗಳು ಉಳಿದು ಭಾರ ಹೊರುತ್ತಿರುತ್ತವೆ. ಅವು ಕಡಿದಾಗಲೇ ನಿಜವಾದ ಬಿರುಕು. ‘ನೂಲುಬಿರುಕು’ ಎಂದರೆ ಅರ್ಥವಾದೀತೇ? ‘ಒಳಬಿಗಿತ’ಕ್ಕಿಂತ ಒಳ್ಳೆಯ ಪದ, ಅದರಲ್ಲೂ ಕುಂಬಾರಿಕೆ, ಬಡಗಿಕೆಲಸಗಳಲ್ಲಿ ಬಳಕೆಯಲ್ಲಿರುವುದು, ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.