‘ಪೊಯೆಟ್ ಲಾರಿಯೇಟ್’ಗೆ ರಾಷ್ಟ್ರಕವಿ ಅನ್ನಬಹುದೇ? ಹಾಡು ಕಟ್ಟಿ ಹಾಡುವವರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕವಿ ಜಾಯ್ ಹಾರ್ಜೋ ಬಗ್ಗೆ ಒಂದು ಲೇಖನ ಬರೆಯುತ್ತಾ ಪದಗಳಿಗೆ ತಡಕಾಡುತ್ತಿದ್ದೇನೆ. 2019ರಿಂದ 2022ರವರೆಗೆ ಅವರು ಅಲ್ಲಿನ ಪೊಯೆಟ್ ಲಾರಿಯೇಟ್ ಆಗಿದ್ದರು. ಮಸ್ಕೋಗಿ ಬುಡಕಟ್ಟಿನವರು. ಅಮೆರಿಕದ ಮೂಲನಿವಾಸಿಗಳಲ್ಲಿ ಆ ಸ್ಥಾನಕ್ಕೆ ಬಂದವರು ಇವರೇ ಮೊದಲು. ಕವಿತೆ ಓದುತ್ತಾ ಓದುತ್ತಾ ಹಾಡಿಗೆ ಇಳಿಯುತ್ತಾರೆ, ನಡುವೆ ಸ್ಯಾಕ್ಸೋಫೋನ್ ಎತ್ತಿಕೊಳ್ಳುತ್ತಾರೆ. ಕದ್ರಿ ಗೋಪಾಲನಾಥರನ್ನು ಕೇಳಿದ ನಮಗೆ ಆ ವಾದ್ಯ ಹೊಸದೇನಲ್ಲ ಬಿಡಿ.

ಮೊದಲು ‘ರಾಷ್ಟ್ರಕವಿ’ ಅಂತ ಬರೆದೆ. ಎರಡನೇ ಪ್ಯಾರಾದಲ್ಲೇ ಎಡವಿದೆ. ಅಮೆರಿಕದಲ್ಲಿ ಇದು ಬಿರುದಲ್ಲ, ಹುದ್ದೆ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಮುಖ್ಯಸ್ಥರು ನೇಮಿಸುತ್ತಾರೆ, ಅವಧಿ ಮುಗಿದ ಮೇಲೆ ಇನ್ನೊಬ್ಬರು ಬರುತ್ತಾರೆ. ಹಾಗಾದರೆ ಹಾರ್ಜೋ ಈಗ ‘ಮಾಜಿ ರಾಷ್ಟ್ರಕವಿ’ಯೇ? ಕಿವಿಗೆ ಹೊಡೆಯುತ್ತೆ ಅಲ್ವಾ? ಗೋವಿಂದ ಪೈ (1949), ಕುವೆಂಪು (1964), ಜಿ.ಎಸ್. ಶಿವರುದ್ರಪ್ಪ (2006), ಈ ಮೂವರಲ್ಲಿ ಯಾರನ್ನೂ ನಾವು ಮಾಜಿ ಅನ್ನುವುದಿಲ್ಲ. ‘ಆಸ್ಥಾನಕವಿ’ ಬ್ರಿಟನ್ನಿಗೆ ಸರಿ. 1668ರಲ್ಲಿ ಕವಿ ಡ್ರೈಡನ್‌ನನ್ನು ನೇಮಿಸಿದ್ದು ಅಲ್ಲಿನ ದೊರೆ. ಅಮೆರಿಕದಲ್ಲಿ ದೊರೆಯೂ ಇಲ್ಲ, ಆಸ್ಥಾನವೂ ಇಲ್ಲ. ಮೇಲಾಗಿ ಮಸ್ಕೋಗಿ ಜನ ತಮ್ಮನ್ನೇ ಒಂದು ‘ನೇಷನ್’ ಅಂದುಕೊಳ್ಳುವವರು. ರಾಷ್ಟ್ರಕವಿ ಅಂದರೆ ಯಾವ ರಾಷ್ಟ್ರದ ಕವಿ ಅನ್ನುವ ತಕರಾರು ಬೇರೆ. ಸದ್ಯಕ್ಕೆ ‘ದೇಶದ ಅಧಿಕೃತ ಕವಿ’ ಅಂತ ಹಾಕಿದ್ದೇನೆ. ಸಪ್ಪೆ.

ನಿಜವಾಗಿ ಒದ್ದಾಡಿದ್ದು ಮುಂದಿನ ವಾಕ್ಯದಲ್ಲಿ. ಹಾಡು ಬರೆಯುವವರಿಗೆ ಕವಿಪಟ್ಟ ಸಲ್ಲುತ್ತದೆಯೇ? 2016ರಲ್ಲಿ ಹಾಡುಗಾರ ಬಾಬ್ ಡಿಲನ್‌ಗೆ ಸಾಹಿತ್ಯದ ನೊಬೆಲ್ ಬಂದಾಗಲೂ ಇದೇ ಜಗಳ ಎದ್ದಿತ್ತು. ಅದನ್ನು ಕನ್ನಡದಲ್ಲಿ ಬರೆಯಹೋದರೆ ‘ಹಾಡಿನ ಸಾಹಿತ್ಯ ಸಾಹಿತ್ಯವೇ?’ ಅಂತ ಆಯಿತು! ಕಛೇರಿಯಲ್ಲೂ ಸಿನಿಮಾ ಟೈಟಲ್‌ನಲ್ಲೂ ಹಾಡಿನ ಮಾತುಗಳಿಗೆ ನಾವು ‘ಸಾಹಿತ್ಯ’ ಅಂತಲೇ ಅನ್ನುತ್ತೇವೆ. ‘ಪದ’ವೂ ಹಾಗೇ. ನಾವಿಲ್ಲಿ ಚರ್ಚಿಸುವ ಪದ ಬೇರೆ, ನಮ್ಮಜ್ಜಿ ‘ಒಂದು ಪದಾ ಹಾಡವ್ವಾ’ ಅನ್ನುತ್ತಿದ್ದ ಪದ ಬೇರೆ. ಬೀಸುಕಲ್ಲಿನ ಪದ, ಗೀಗೀ ಪದ, ತತ್ವಪದ. ಶರೀಫರು ಕವಿಯೋ ಹಾಡುಗಾರರೋ ಅಂತ ಅಜ್ಜಿಯನ್ನು ಕೇಳಿದ್ದರೆ ನನ್ನ ಮುಖ ನೋಡಿ ಸುಮ್ನಾಗುತ್ತಿದ್ದಳು.

ಆದರೆ ನಾವೂ ಪೂರ್ತಿ ಶುದ್ಧರಲ್ಲ. ‘ಗೀತರಚನೆಕಾರ’ ಅಂದಾಗ ‘ಕವಿ’ಗಿಂತ ಒಂದು ಮೆಟ್ಟಿಲು ಕೆಳಗೆ ಅನ್ನುವ ದನಿ ಇರುತ್ತದೆ. ಕುವೆಂಪು, ಜಿಎಸ್ಸೆಸ್ ಕವಿತೆಗಳು ಮನೆಮನೆಗೆ ಹೋಗಿದ್ದು ಜಾಸ್ತಿ ಹಾಡಾಗಿಯೇ. ಹಾಡಿದವರು ಮಾತ್ರ ಬೇರೆಯವರು. ಬರೆದವರೇ ಹಾಡಿಬಿಟ್ಟರೆ ತೂಕ ಕಮ್ಮಿಯಾಗುವುದು ಯಾವ ಲೆಕ್ಕ? ಹಾರ್ಜೋ ಆ ಪಟ್ಟಕ್ಕೆ ತಕ್ಕವರು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಇನ್ನು ಇಂಥವರನ್ನು ಏನಂತ ಕರೆಯೋಣ? ‘ವಾಗ್ಗೇಯಕಾರ’ ಇದೆ. ಶಾರ್ಙ್ಗದೇವನ ಸಂಗೀತ ರತ್ನಾಕರದ ಪ್ರಕಾರ ಮಾತು (ಹಾಡಿನ ಸಾಹಿತ್ಯ), ಧಾತು (ಅದರ ಸಂಗೀತ) ಎರಡನ್ನೂ ಕಟ್ಟುವವನು. ಅರ್ಥ ಅಳತೆ ಹಾಕಿ ಹೊಲಿದಂತಿದೆ. ಆದರೆ ಕೇಳಿದ ತಕ್ಷಣ ತಂಬೂರಿ, ವಿಭೂತಿ ಕಣ್ಮುಂದೆ ಬರುತ್ತವೆ. ಸ್ಯಾಕ್ಸೋಫೋನ್ ಬರುವುದಿಲ್ಲ. ‘ಗಾಯಕಿ-ಗೀತರಚನೆಕಾರ್ತಿ’ ಎರಡು ಡಬ್ಬಿ ಜೋಡಿಸಿದ ರೈಲಿನ ಹಾಗಿದೆ.

ನನಗೆ ಹೊಳೆದದ್ದು ಹಳಗನ್ನಡದ ‘ಪಾಡುಗಬ್ಬ’. ನಾಗವರ್ಮನ ಕಾವ್ಯಾವಲೋಕನದಲ್ಲಿ ಬರುತ್ತದೆ. ಹಾಡುವ ಕಬ್ಬ, ಅಂದರೆ ಹಾಡುವ ಕಾವ್ಯ. ಅದನ್ನು ಕಟ್ಟುವವನು ‘ಹಾಡುಗಬ್ಬಿಗ’. ಹೆಂಗಸಾದರೆ? ಹೂವಾಡಿಗ, ಹೂವಾಡಗಿತ್ತಿ ಇದ್ದಂತೆ ‘ಹಾಡುಗಬ್ಬಿಗಿತ್ತಿ’ ಆಗಬಹುದೇ? ವ್ಯಾಕರಣ ಬಲ್ಲವರು ಹೇಳಬೇಕು. ‘ಪದಗಾರ’, ‘ಪದಗಾರ್ತಿ’ ಅನ್ನುವುದು ನಿಮ್ಮ ಕಡೆ ಬಳಕೆಯಲ್ಲಿದೆಯೇ ಅಂತಲೂ ತಿಳಿಸಿ. ಇದ್ದರೆ ನನ್ನ ಓಟು ಅದಕ್ಕೇ.

ಕರಡಿನಲ್ಲಿ ಸದ್ಯಕ್ಕೆ ‘ಹಾಡುಗಬ್ಬಿಗಿತ್ತಿ’ ಅಂತಲೇ ಇದೆ. ನಿನ್ನೆ ನನ್ನ ತಂಗಿ ಓದಿ, ‘ಯಾರೇ ಇವರು, ಹಾಡು ಹೇಳ್ತಾ ಕಬ್ಬು ಮಾರೋರಾ?’ ಅಂತ ಕೇಳಿದಳು. ಅದಕ್ಕೇ ಈ ಪತ್ರ.