ಮಲಯಾಟ್ಟೂರು ಕುರಿಶುಮುಡಿ: ಮಂಡಿ ನೋವಿರೋರು ಹತ್ತಬಹುದಾ?

ಪ್ರಶ್ನೆ:
ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ಬೆಂಗಳೂರಿನಿಂದ ನಾಲ್ಕು ಜನ ಕೇರಳದ ಮಲಯಾಟ್ಟೂರಿಗೆ, ಯೇಸುವಿನ ಶಿಷ್ಯ ಸಂತ ತೋಮರ ಯಾತ್ರಾಸ್ಥಳವಾದ ಕುರಿಶುಮುಡಿ ಬೆಟ್ಟಕ್ಕೆ ಹೊರಟಿದ್ದೇವೆ. ಅಮ್ಮನಿಗೆ 63 ವರ್ಷ, ಬಲ ಮಂಡಿ ನೋವು. ಮೇಲಿನವರೆಗೆ ಗಾಡಿ ಹೋಗುತ್ತಾ? ಬರಿಗಾಲಲ್ಲೇ ಹತ್ತಬೇಕಾ?

ಉತ್ತರ 1:
ಗಾಡಿ ಅಡಿವಾರದವರೆಗೆ (ಬೆಟ್ಟದ ಬುಡದವರೆಗೆ) ಮಾತ್ರ. ರೈಲಲ್ಲಾದರೆ ಅಂಗಮಾಲಿ ಅಥವಾ ಆಲುವಾದಲ್ಲಿ ಇಳಿದು ಕಾಲಡಿ ಮೇಲೆ ಬನ್ನಿ (ಶಂಕರಾಚಾರ್ಯರು ಹುಟ್ಟಿದ ಊರೇ). ಆಟೋದವರಿಗೆ ಬರೀ ‘ಮಲಯಾಟ್ಟೂರು ಚರ್ಚ್’ ಅನ್ನಬೇಡಿ, ಪೆರಿಯಾರ್ ದಡದ ಊರ ಚರ್ಚಿಗೆ ಬಿಡುತ್ತಾರೆ. ‘ಕುರಿಶುಮುಡಿ ಅಡಿವಾರಂ’ ಅನ್ನಿ.

ಅಲ್ಲಿಂದ ಸುಮಾರು 2 ಕಿ.ಮೀ. ಏರು. ಹಾದಿಯುದ್ದಕ್ಕೂ ಶಿಲುಬೆ ಹಾದಿಯ (ಯೇಸು ಶಿಲುಬೆ ಹೊತ್ತು ನಡೆದ ಘಟನೆಗಳನ್ನು ನೆನೆಯುವ) 14 ಸ್ಥಳಗಳಿವೆ. ಒಂದೊಂದರಲ್ಲೂ ನಿಂತು ಪ್ರಾರ್ಥಿಸಿದರೆ ಮಂಡಿಗೂ ಬಿಡುವು ಸಿಗುತ್ತದೆ. ಅಮ್ಮನ ಜೊತೆ ಎರಡು ಗಂಟೆ ಇಟ್ಟುಕೊಳ್ಳಿ. ಬರಿಗಾಲು ಹರಕೆಯವರಿಗೆ, ಕಡ್ಡಾಯವಲ್ಲ. ಬೆಳಕು ಹರಿಯುವಾಗಲೇ ಹೊರಡಿ, ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ.

ಉತ್ತರ 2:
ಹತ್ತೋದಕ್ಕಿಂತ ಇಳಿಯೋದೇ ಮಂಡಿಗೆ ಕಷ್ಟ. ಸಾವಿರಾರು ಪಾದ ಸವೆದು ಕಲ್ಲು ನುಣುಪಾಗಿರುತ್ತದೆ, ಅದರ ಮೇಲೆ ಬಿದ್ದ ಸಣ್ಣ ಜಲ್ಲಿ ಕಾಲ ಕೆಳಗೆ ಗೋಲಿಯ ಹಾಗೆ ಉರುಳುತ್ತದೆ. ತಳ ಸವೆದ ಚಪ್ಪಲಿ ಬೇಡವೇ ಬೇಡ.

ನೋವು ಬಲ ಮಂಡಿಯಲ್ಲಿ ಅಂದರೆ ಕೋಲು ಎಡಗೈಯಲ್ಲಿ. ಹತ್ತುವಾಗ ಮೊದಲು ಎಡಗಾಲು, ಆಮೇಲೆ ಕೋಲು, ಬಲಗಾಲು. ಇಳಿಯುವಾಗ ಉಲ್ಟಾ: ಕೋಲು ಮುಂದಿಟ್ಟು ಬಲಗಾಲು, ಆಮೇಲೆ ಎಡಗಾಲು. ಹೆಚ್ಚಿನವರು ಇದನ್ನೇ ತಪ್ಪು ಮಾಡಿ ಇಡೀ ಭಾರವನ್ನು ನೋವಿರೋ ಕಾಲಿನ ಮೇಲೆ ಹಾಕುತ್ತಾರೆ. ಮನೆಯ ಮೆಟ್ಟಿಲಲ್ಲಿ ಒಂದು ವಾರ ಅಭ್ಯಾಸ ಮಾಡಿಸಿ. ಒಬ್ಬೊಬ್ಬರಿಗೂ ಒಂದೂವರೆ ಲೀಟರ್ ನೀರು, ಜೊತೆಗೆ ಓಆರ್‌ಎಸ್. ಅಮ್ಮನಿಗೆ ಬಿಪಿ ಇದ್ದರೆ ಓಆರ್‌ಎಸ್ ಬಗ್ಗೆ ಡಾಕ್ಟರನ್ನು ಕೇಳಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಶುಭ ಶುಕ್ರವಾರದ (ಗುಡ್ ಫ್ರೈಡೇ) ದಿನವೇ ಹೋಗಬಹುದಾ?

ಉತ್ತರ 3:
ಅಮ್ಮನ ಜೊತೆ ಬೇಡ. ಅವತ್ತು ಆಳೆತ್ತರದ ಮರದ ಶಿಲುಬೆ ಹೊತ್ತ ಗುಂಪುಗಳು ‘ಪೊನ್ನಿನ್ ಕುರಿಶು ಮುತ್ತಪ್ಪೋ’ (ಚಿನ್ನದ ಶಿಲುಬೆಯ ಮುತ್ತಪ್ಪನೇ) ಎಂದು ಕೂಗುತ್ತಾ ಬರುತ್ತವೆ. ನೋಡಲು ಮೈ ಜುಮ್ಮೆನ್ನುತ್ತದೆ ನಿಜ, ಆದರೆ ನಡುವೆ ಸಿಕ್ಕವರಿಗೆ ನಿಂತು ಉಸಿರೆಳೆದುಕೊಳ್ಳಲು ಜಾಗವಿರಲ್ಲ. ಈಸ್ಟರ್ ನಂತರದ ಮೊದಲ ಭಾನುವಾರ, ಅಂದರೆ ‘ಪುದುಞಾಯರ್’ ಹಬ್ಬಕ್ಕೂ ಇದೇ ಜನಜಂಗುಳಿ. 2027ರಲ್ಲಿ ಅದು ಏಪ್ರಿಲ್ 4. ತಪಸ್ಸುಕಾಲದ ಆರಂಭದ ವಾರಗಳಲ್ಲಿ ಮಂಗಳವಾರವೋ ಬುಧವಾರವೋ ಹೋಗಿ. ಸಂತ ತೋಮರದ್ದೆಂದು ನಂಬುವ ಪಾದದ ಗುರುತಿನ ಹತ್ತಿರ ಅಮ್ಮ ಸಮಾಧಾನವಾಗಿ ಕೂತು ಪ್ರಾರ್ಥಿಸಬಹುದು. ಬಲಿಪೂಜೆಯ (ಚರ್ಚಿನ ಮಾಸ್) ಸಮಯವನ್ನು ಹಿಂದಿನ ದಿನವೇ ಊರ ಚರ್ಚಿನಲ್ಲಿ ಕೇಳಿಕೊಂಡು ಹತ್ತಿ.